ಚಿಕ್ಕವ್ವ ನೋಡದ ಕೊನೆ

ಏಪ್ರಿಲ್ ೧೭, ಗುರುವಾರ. ಕುದೂರು

ಬೆಳಿಗ್ಗೆ ಅರ್ಧ ಲೋಟ ನೀರು. ಮಾತ್ರೆಗೆ ಎರಡು ಗುಟುಕು. ಮಧ್ಯಾಹ್ನದವರೆಗೆ ಅಷ್ಟೇ, ಕಿಡ್ನಿ ಡಾಕ್ಟರ್ ಅಪ್ಪಣೆ. ಈ ಬಿಸಿಲಿನಲ್ಲಿ ಒಬ್ಬರ ಕೈಯಿಂದ ಲೋಟ ಕಿತ್ತುಕೊಳ್ಳುವುದು ಎಂಥ ದರಿದ್ರ ಕೆಲಸ. ಚಿಕ್ಕವ್ವ ಇನ್ನಷ್ಟು ಕೊಡು ಅಂತ ಕೇಳುವುದೂ ಇಲ್ಲ. ಕೇಳಿದ್ದರೆ ಗದರಬಹುದಿತ್ತು. ತುಟಿ ನೆಕ್ಕಿಕೊಂಡು ಗೋಡೆ ನೋಡುತ್ತಾಳೆ.

ಎಸ್ಸೆಸ್ಸೆಲ್ಸಿ ಪೇಪರ್ ವ್ಯಾಲ್ಯುಯೇಷನ್ ಮುಗಿಸಿ ರಾಮನಗರದಿಂದ ಬಂದೆ. ಸ್ಕೂಲು ತೆರೆಯುವವರೆಗೂ ಇಲ್ಲೇ. ತಮ್ಮ ರುದ್ರಪ್ರಸಾದ್‌ಗೆ ಅಂಗಡಿ. ಅವನು ಪಾಪ ತನಗೆ ತೋಚಿದ್ದು ಮಾಡಿದ್ದಾನೆ — ಅವಳ ರೂಮಿಗೆ ದೊಡ್ಡ ಟೀವಿ. ಡಯಾಲಿಸಿಸ್ ಬೇಡ ಅಂತ ಹಟ ಹಿಡಿದವಳಿಗೆ ಟೀವಿ.

ಇಂಜೆಕ್ಷನ್ ಕೊಡಲು ಬರುವ ನರ್ಸ್ ಖುರ್ಷಿದಾ ಕೇಳಿದಳು, "ಇವ್ರು ನಿಮ್ಗೆ ತಾಯಿ ಆಗ್ಬೇಕಾ ಮಿಸ್?"

"ಚಿಕ್ಕವ್ವ."

"ಅಂದ್ರೆ ತಾಯಿ ತಂಗಿನಾ, ಇಲ್ಲ ತಂದೆಯವ್ರ ಎರಡ್ನೇ ಹೆಂಡ್ತಿನಾ?"

"ಎರಡೂ."

ಖುರ್ಷಿದಾ ಹೋದ ಮೇಲೆ ಚಿಕ್ಕವ್ವ ಬಾಯಿಬಿಟ್ಟಳು. "ಮಗ, ದೊಡ್ಡಲಕ್ಷ್ಮಮ್ಮನ ಮನೆ ಟೀವೀಲಿ ಬಂದಿತ್ತಲ್ಲ, ಚಪ್ಲಿ ಕಳ್ಕೊಂಡ ಹುಡ್ಗಿ ನಾಟ್ಕ. ಬರೀ ಹಾಡ್ಕೊಂಡೇ ಇರೋರು. ಅದು ಇದ್ರಲ್ಲಿ ಸಿಕ್ತದಾ?"

"ಅದ್ಯಾಕೆ ಈಗ ಚಿಕ್ಕವ್ವ?"

"ಕೊನೆ ನೋಡ್ಲಿಲ್ಲ ಕಣ್ ಮಗ ನಾನು. ಅವ್ಳು ಏನಾದ್ಲು?"

"ರಾಜಕುಮಾರನ್ನ ಮದುವೆ ಆದಳು."

"ಆ ಹುಡ್ಗಿ ಅಲ್ಲ. ಇನ್ನೊಬ್ಬಳು."

ಮಲತಾಯಿ. ಹುಡುಕುತ್ತೀನಿ ಅಂದೆ.

ಏಪ್ರಿಲ್ ೧೮

ನಿದ್ದೆಗೆಟ್ಟು ತಲೆನೋವು. ಆ ನಾಟಕ ಬಂದ ಭಾನುವಾರವೇ ತಲೆಯಲ್ಲಿ.

ನನಗೆ ಎಂಟು ವರ್ಷ. ಬೀದಿಗೆಲ್ಲ ಒಂದೇ ಕಲರ್ ಟೀವಿ, ದೊಡ್ಡಲಕ್ಷ್ಮಮ್ಮನದು. ನಾಟಕದಲ್ಲಿ ಮಲತಾಯಿ ಸತ್ತವಳ ಟ್ರಂಕು ತೆಗೆದು, ಸೀರೆ ಮೈಗೆ ಹಿಡಿದುಕೊಂಡು ಹಾಡುತ್ತಾಳೆ — ಸತ್ತವಳ ಸೀರೆ ನನಗೇ ಸರಿ, ಸತ್ತವಳ ಮನೆಯೂ ನನಗೇ ಸರಿ. ಕೂತಿದ್ದ ಹೆಂಗಸರೆಲ್ಲ ಟೀವಿ ಬಿಟ್ಟು ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಚಿಕ್ಕವ್ವ. ಸೊಂಟದಲ್ಲಿ ರುದ್ರ. ಅರೆಗಳಿಗೆ ನಿಂತಿದ್ದು ಹೊರಟುಹೋದಳು.

ನಮ್ಮ ಮನೆಯಲ್ಲಿ ಹೊಸ ಸೀರೆ ಬಂದರೆ ಮೊದಲು ಅವ್ವನ ಫೋಟೊ ಮುಂದೆ. ಅರಿಸಿನ ಕುಂಕುಮ ಇಟ್ಟು, ಒಂದು ರಾತ್ರಿ ಬಿಟ್ಟು, ಆಮೇಲೆ ಚಿಕ್ಕವ್ವ ಉಡಬೇಕು. ಹಬ್ಬಕ್ಕೆ ತಂದರೂ ಅಷ್ಟೇ, ತವರಿನವರು ಕೊಟ್ಟರೂ ಅಷ್ಟೇ. ಸತ್ತ ಹೆಂಡತಿ ಮುನಿಯಬಾರದಲ್ಲ. ಊರ ಹಿರಿಯರೇ ಹೇಳಿ ಮಾಡಿಸಿದ ಶಾಸ್ತ್ರ. ಅದೇ ಊರಿನ ಹುಡುಗರು ಬೋರ್‌ವೆಲ್ ಹತ್ತಿರ ಅವಳ ಬೆನ್ನಿಗೆ ಆ ಹಾಡು ಹಾಡಿದರು. ಒಂದು ದಿನ ಎರಡು ದಿನ ಅಲ್ಲ. ನಾನು ಹೈಸ್ಕೂಲಿಗೆ ಹೋಗುವವರೆಗೂ ಹಾಡಿದರು.

ಏಪ್ರಿಲ್ ೨೦, ಭಾನುವಾರ

ಸಿಕ್ಕಿತು. ಯಾರೋ ಪುಣ್ಯಾತ್ಮ ವಿಸಿಆರ್ ಟೇಪಿನಿಂದ ಇಳಿಸಿ ಯೂಟ್ಯೂಬಿಗೆ ಹಾಕಿದ್ದಾನೆ. ಚಿಕ್ಕವ್ವ ಮಲಗಿದ್ದಾಗ ಹಿತ್ತಲಿನಲ್ಲಿ ಕೂತು ಫೋನಿನಲ್ಲೇ ನೋಡಿದೆ.

ಸ್ಟುಡಿಯೊ ಅರಮನೆ, ರಟ್ಟಿನ ಕಂಬ. ಹಾರ್ಮೋನಿಯಂ, ತಬಲಾ, ಒಂದು ಕೊಳಲು. ಹುಡುಗಿಗೆ ಆರು ಹಾಡು, ಎಲ್ಲಾ ಅಳುಬುರುಕು. ಮಲತಾಯಿಗೆ ಒಂದೇ. ಆದರೆ ಎಲ್ಲಕ್ಕಿಂತ ಒಳ್ಳೆಯ ಮಟ್ಟು ಅದೇ — ಅದಕ್ಕೇ ಬೀದಿ ಹುಡುಗರ ಬಾಯಿಗೆ ಹತ್ತಿದ್ದು. ಹಾಳಾದವನು ಸಂಗೀತ ಚೆನ್ನಾಗಿ ಮಾಡಿಬಿಟ್ಟ.

ಕೊನೆ: ಮಲತಾಯಿಯ ತಲೆ ಬೋಳಿಸಿ, ಕತ್ತೆ ಮೇಲೆ ಕೂರಿಸಿ, ಊರ ಜನ ಸುತ್ತ ಕುಣಿದು ಹಾಡುತ್ತಾರೆ. ಹುಡುಗಿ ಅರಮನೆ ಮೇಲಿನಿಂದ ನೋಡಿ ನಗುತ್ತಾಳೆ.

ಇದನ್ನು ಹೇಗೆ ತೋರಿಸುವುದು.

ಏಪ್ರಿಲ್ ೨೩

ಬಿಡಲಿಲ್ಲ, ದಿನಾ ಕೇಳಿದಳು. ಹಾಕಿದೆ. ದಿಂಬಿಗೆ ಒರಗಿಸಿ ಕೂರಿಸಿದೆ. ಕಾಲು ಬಾತು ಹೊಳೆಯುತ್ತಿವೆ.

ಅದೇ ಹೊತ್ತಿಗೆ ದೊಡ್ಡಲಕ್ಷ್ಮಮ್ಮ ಕೋಲೂರಿಕೊಂಡು ಬಂದರು. ಎಂಬತ್ತು ದಾಟಿದೆ, ಕಣ್ಣು ಮಂಜು, ಕಿವಿ ಚುರುಕು. ಮಲತಾಯಿಯ ಹಾಡು ಬಂದದ್ದೇ ತಡ, ಮಂಚದ ಕಾಲಿಗೆ ತಾಳ ಹಾಕಿದರು. "ಅಯ್ಯೋ, ಇದು ನಮ್ಮನೇಲಿ ನೋಡಿದ್ದಲ್ವೇನವ್ವ ಮೀನಾಕ್ಷಿ? ಎಷ್ಟ್ ಚೆಂದಾಗಿ ಹಾಡೋವು ಹುಡುಗ್ರು ಬೀದೀಲಿ."

"ಹೂಂ ಕಣಕ್ಕ, ಚೆಂದಾಗಿ ಹಾಡೋವು," ಅಂದಳು ಚಿಕ್ಕವ್ವ.

ಅದನ್ನು ಯಾರ ಬೆನ್ನಿಗೆ ಹಾಡಿದ್ದು ಅಂತ ಮುದುಕಿಗೆ ನಿಜಕ್ಕೂ ನೆನಪಿಲ್ಲ. ಬೈಯೋಣ ಅಂದರೆ ಬೈಗುಳಕ್ಕೂ ಒಂದು ವಿಳಾಸ ಬೇಕು. ಕಾಫಿ ಕೊಟ್ಟೆ, ಕುಡಿದು ಹೋದರು.

ಕತ್ತೆ ಬರುವ ಮುಂಚೆ ಆರಿಸಿದೆ. "ಇಷ್ಟೇ ಇರೋದು ಚಿಕ್ಕವ್ವ, ಟೇಪು ಹಾಳಾಗಿದೆ."

"ಹಂಗಾ," ಅಂದಳು. ನಂಬಿದಳೋ ಇಲ್ಲವೋ. ಆ ಕತೇನ ಬೇರೆ ಯಾರಾದರೂ ತೆಗೆದಿದ್ದಾರಾ ನೋಡು ಅಂದಳು.

ಏಪ್ರಿಲ್ ೨೯

ತೆಗೆದಿದ್ದಾರೆ. ಹದಿನೈದು ವರ್ಷದ ಹಿಂದೆ ಸೀರಿಯಲ್ಲಾಗಿ ಬಂದಿತ್ತಂತೆ. ನೂರಾರು ಎಪಿಸೋಡು, ಶುಕ್ರವಾರ ಶುಕ್ರವಾರ ಒಂದು ಹಾಡು. ಕೀಬೋರ್ಡಿನ ಗುಡುಗು. ಮಲತಾಯಿಗೆ ಮೂರು ಕೆಜಿ ಒಡವೆ, ಹುಬ್ಬು ಹಣೆಯವರೆಗೂ. ಇದರಲ್ಲಿ ಅವಳಿಗೆ ಹಾಡುಗಳು ಜಾಸ್ತಿ, ಆದರೆ ಒಂದೂ ಹಾಡಲ್ಲ — ಬರೀ ನಗು, ಹಿಂದೆ ಡ್ರಮ್ಮು. ಕೊನೆಗೆ ಹುಡುಗಿಗೆ ಇಟ್ಟ ವಿಷ ತಾನೇ ಕುಡಿದು ಸಾಯುತ್ತಾಳೆ.

ಎಸ್ಸೆಸ್ಸೆಲ್ಸಿ ಪೇಪರ್ ಆಗಿದ್ದರೆ ಹಳೆಯದಕ್ಕೆ ಮೂವತ್ತೈದು ಕೊಟ್ಟು ಪಾಸು ಮಾಡುತ್ತಿದ್ದೆ. ಇದು ಫೇಲು.

ಇದನ್ನು ತೋರಿಸುವುದಿಲ್ಲ. ಸಿಗಲಿಲ್ಲ ಅಂದುಬಿಟ್ಟೆ. ಅವಳಿಗೆ ಒಂದು ಒಳ್ಳೆಯ ಕೊನೆ ಬೇಕು. ಅಷ್ಟು ದೊಡ್ಡ ಲೋಕ, ಅಷ್ಟು ಟೀವಿ, ಒಬ್ಬ ಮಲತಾಯಿಯನ್ನಾದರೂ ಸುಖವಾಗಿ ಬಿಟ್ಟಿರಬಾರದೇ. ಬೇಗ ಸಿಗಬೇಕು. ಮಾತಿನ ನಡುವೆಯೇ ನಿದ್ದೆ ಹೋಗುತ್ತಾಳೆ ಈಗ.

ಮೇ ೪, ಭಾನುವಾರ

ಸಿಕ್ಕಿತು!

ಹೋದ ವರ್ಷ ದೀಪಾವಳಿಗೆ ಒಂದು ಚಾನೆಲ್‌ನಲ್ಲಿ ಬಂದ ಸ್ಪೆಷಲ್. ಎರಡು ಗಂಟೆಯದು. ದೊಡ್ಡ ಆರ್ಕೆಸ್ಟ್ರಾ, ಒಳ್ಳೆಯ ಕುಣಿತ, ಬಣ್ಣ ಬಣ್ಣದ ದೀಪ. ಕೊನೆಯಲ್ಲಿ ರಾಣಿಯಾದ ಹುಡುಗಿ ಇಳಿದು ಬಂದು, ಮಲತಾಯಿಯ ಕೈ ಹಿಡಿದು, ಕ್ಷಮಿಸಿದೆ ಅಂತ ಹಾಡುತ್ತಾಳೆ. ಹಿಂದೆ ಐವತ್ತು ಜನರ ಕೋರಸ್. ನನಗೇ ಕಣ್ಣು ತುಂಬಿತು. ಕ್ಷಮೆ — ಇಷ್ಟು ಸಾಕಲ್ಲ.

ನಾಳೆ ತೋರಿಸುತ್ತೇನೆ. ಬಹಳ ದಿನದ ಮೇಲೆ ರಾಗಿ ಮುದ್ದೆ ರುಚಿಯಾಗಿತ್ತು.

ಮೇ ೫

ತೋರಿಸಿದೆ.

ರುದ್ರನೂ ಅಂಗಡಿ ಬಾಗಿಲು ಎಳೆದು ಬಂದು ಕೂತಿದ್ದ. ಚಿಕ್ಕವ್ವ ಎಚ್ಚರವಾಗಿದ್ದಳು, ಪೂರ್ತಿ ನೋಡಿದಳು. ಕ್ಷಮೆಯ ಹಾಡು ಬಂತು. ನಾನು ಟೀವಿ ನೋಡಲಿಲ್ಲ, ಅವಳ ಮುಖ ನೋಡುತ್ತಿದ್ದೆ. ಏನೋ ಉಡುಗೊರೆ ಕೊಟ್ಟವಳ ಹಾಗೆ, ಅವಳು ಯಾವಾಗ ನಗುತ್ತಾಳೆ ಅಂತ.

ಹಾಡು ಮುಗಿಯಿತು. "ಇವ್ಳು ಇದ್ರಲ್ಲಿ ಹಾಡ್ಲೇ ಇಲ್ಲ," ಅಂದಳು.

ಹೌದು. ನಾನು ಗಮನಿಸಿಯೇ ಇರಲಿಲ್ಲ. ಹೊಸದರಲ್ಲಿ ಮಲತಾಯಿಗೆ ಹಾಡೇ ಇಲ್ಲ. ತಲೆ ತಗ್ಗಿಸಿ ನಿಲ್ಲುತ್ತಾಳೆ ಅಷ್ಟೇ.

"ಆದ್ರೆ ಕೊನೇಲಿ ಕ್ಷಮಿಸಿದಳಲ್ಲ ಚಿಕ್ಕವ್ವ, ಕೈ ಹಿಡಿದು."

ನನ್ನ ಕಡೆ ನೋಡಿದಳು. ಸಿಟ್ಟಿರಲಿಲ್ಲ. "ನಾನೇನ್ ತಪ್ ಮಾಡಿದ್ದೆ ಮಗ?"

ಗೋಡೆ ಕಡೆ ಹೊರಳಿಕೊಂಡಳು. ರುದ್ರ ಎದ್ದು ಟೀವಿ ಆರಿಸಿದ. ಅಡುಗೆಮನೆಗೆ ಬಂದು ಹಲ್ಲು ಕಚ್ಚಿ ಹೇಳಿದ, "ಅವ್ವಂಗೆ ಯಾಕ್ ಅಕ್ಕ ಇವೆಲ್ಲ? ನೆಮ್ದಿಯಾಗಿ ಬುಡು ಒಸಿ."

ನಾನು ಅವಳಿಗೆ ಕೊಟ್ಟದ್ದು ಕ್ಷಮೆ. ಯಾರ ತಪ್ಪಿಗೆ? ನಾಚಿಕೆಯಾಗುತ್ತಿದೆ. ಮೂರು ನಾಟಕದಲ್ಲೂ ಅವಳು ತಪ್ಪಿತಸ್ಥೆ. ಎರಡು ಶಿಕ್ಷೆ ಕೊಟ್ಟವು, ಒಂದು ಬಿಟ್ಟುಕೊಟ್ಟಿತು. ಕತ್ತೆಯೇ ವಾಸಿ ಇತ್ತು.

ಮೇ ೬

ಟೀವಿ ಹಾಕಲಿಲ್ಲ. ನೀರು ಕೊಟ್ಟೆ.

ಮೇ ೧೩, ಮಂಗಳವಾರ

ಒಂದು ವಾರ ಬರೆಯಲಿಲ್ಲ. ಖುರ್ಷಿದಾ ದಿನಕ್ಕೆರಡು ಸಲ ಬರುತ್ತಿದ್ದಾಳೆ. ಮೈಯೆಲ್ಲ ನವೆ, ಕೆರೆದು ಕೆರೆದು ಗಾಯ. ಕೊಬ್ಬರಿ ಎಣ್ಣೆ ಹಚ್ಚುತ್ತಾ ಕೂತಿದ್ದೆ. ತಾನಾಗೇ ಶುರು ಮಾಡಿದಳು.

"ಅಕ್ಕ ಜ್ವರದಲ್ಲಿ ಹೋದ್ಲು. ನಿಂಗೆ ಮೂರು ವರ್ಸ. ತಿಥಿ ದಿನ ಎಲ್ಲಾ ಪಡಸಾಲೇಲಿ ಕೂತ್ರು. ಮಗೀಗೆ ಮಲತಾಯಿ ಬರಬಾರ್ದು, ತಂಗಿನೇ ಕೊಡಿ ಅಂದ್ರು. ನಾನು ಒಳಗೆ ಹೋಳಿಗೆ ಬೇಯಿಸ್ತಾ ಇದ್ದೆ."

"ನಿನ್ನ ಕೇಳಲಿಲ್ವಾ?"

"ಹೆಂಚಿನ ಮೇಲೆ ಹೋಳಿಗೆ ಇದ್ದಾಗ ಯಾರ್ ಕೇಳ್ತಾರೆ." ನಕ್ಕಳು. ನಗು ಕೆಮ್ಮಾಯಿತು. "ಸೂತಕದ ಮನೆ ಅಂತ ಮದ್ವೆಗೆ ವಾಲಗ ಇಲ್ಲ. ಧಾರೆ ಸೀರೇನೂ ಹಿಂದಿನ್ ರಾತ್ರಿ ಅಕ್ಕನ ಫೋಟೊ ಮುಂದೆ ಇಟ್ಟಿದ್ರು. ಅದನ್ನೂ ಅವ್ಳೇ ಮೊದ್ಲು ಉಟ್ಳು ಅನ್ಕೋ."

ಮಲತಾಯಿ ಬರಬಾರದು ಅಂತ ಅವಳನ್ನು ತಂದರು. ತಂದ ಮಾರನೇ ದಿನದಿಂದ ಮಲತಾಯಿ ಅಂದರು. ಇಂಥ ಮೂರ್ಖತನ ನಮ್ಮವರಿಗೇ ಸಾಧ್ಯ. ಫೋಟೊದಲ್ಲಿರುವ ಅವ್ವನ ಮೇಲೆ ಮೊದಲ ಸಲ ಸಿಟ್ಟು ಬಂತು. ಪಾಪ, ಅವಳೇನು ಮಾಡಿಯಾಳು.

ಮೇ ೧೬

ಟೀವಿ ಸಾಕು. ನಾನೇ ಹೇಳುತ್ತೇನೆ ಕಥೆ ಅಂದೆ. ಕಣ್ಣು ಮುಚ್ಚಿಕೊಂಡು ಹೂಂಗುಟ್ಟಿದಳು.

"ಒಂದೂರಲ್ಲಿ ಅಕ್ಕ ತಂಗಿ ಇದ್ದರು. ಅಕ್ಕ ಸತ್ತಳು. ತಂಗಿಗೆ ಹದಿನೇಳು —"

"ಹದ್ನಾರು."

"ಹದಿನಾರು. ಅವಳನ್ನ ತಂದು ಅಕ್ಕನ ಮನೆಯಲ್ಲಿ ಇಟ್ಟರು. ಅಲ್ಲೊಂದು ಮೂರು ವರ್ಷದ ಮಗು. ಮಗು ರಾತ್ರಿಯೆಲ್ಲ ಅಳೋದು. ಅವಳು ಎತ್ತಿಕೊಂಡು ಹಟ್ಟಿ ತುಂಬ ಓಡಾಡಿಸೋಳು. ಆ ಮಗುವಿಗೆ ದಡಾರ ಬಂದಾಗ ನೆಲದ ಮೇಲೆ ಮಲಗಿ ಕಾಯ್ದಳು. ಜಡೆ ಹಾಕಿ ಸ್ಕೂಲಿಗೆ ಕಳಿಸಿದಳು. ಬಿಎಡ್ ಓದಿಸಿದಳು. ಆ ಮಗು ದೊಡ್ಡದಾಗಿ, ಕೆಲಸ ಸಿಕ್ಕಿ —"

ಎಷ್ಟು ಚೆನ್ನಾಗಿ ಹೇಳುತ್ತಿದ್ದೇನೆ ಅನ್ನಿಸಿತು. ಅವಳು ಕಣ್ಣು ತೆಗೆಯದೆ ಕೈ ಎತ್ತಿದಳು, ಸಾಕು ಅನ್ನುವ ಹಾಗೆ.

"ಅದು ಮಗೀನ ಕತೆ ಆಯ್ತಲ್ಲ. ಅವ್ಳದ್ದು ಹೇಳು."

"ನಾಳೆ ಹೇಳ್ತೀನಿ ಚಿಕ್ಕವ್ವ," ಅಂದೆ.

"ಹೂಂ. ನಾಳೆ ಹೇಳು."

ಮೇ ೧೮, ಭಾನುವಾರ

ನಾಳೆ ಅಂದದ್ದು ನಿನ್ನೆ ಹೇಳಲಾಗಲಿಲ್ಲ. ಇವತ್ತೂ ಇಲ್ಲ.

ಇಪ್ಪತ್ತು ವರ್ಷ ಪಾಠ ಮಾಡಿದ್ದೀನಿ, ಒಂದು ಪಾತ್ರದ ಗುಣಸ್ವಭಾವ ವಿವರಿಸಿ ಅಂತ ಮಕ್ಕಳ ಪ್ರಾಣ ತಿಂದಿದ್ದೀನಿ. ಈಗ ಕೂತರೆ ಒಂದು ಸಾಲು ಇಲ್ಲ. ಯಾವ ಬಣ್ಣ ಇಷ್ಟ? ಸೀರೆ ಅಪ್ಪ ಬದುಕಿದ್ದಾಗ ತರುತ್ತಿದ್ದ, ಫೋಟೊ ಮುಂದಿನಿಂದ ಎತ್ತಿ ಉಡುತ್ತಿದ್ದಳು. ಯಾವ ತಿಂಡಿ? ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದು. ಓದುತ್ತಿದ್ದಳಾ? ಹಾಡು ಬರುತ್ತಿತ್ತಾ? ಅವಳಿಗೆ ಗೆಳತಿ ಅಂತ ಯಾರಾದರೂ ಇದ್ದರಾ?

ರುದ್ರನನ್ನು ಕೇಳಿದೆ. "ಚಿಕ್ಕವ್ವಂಗೆ ಏನಿಷ್ಟ?"

ಯೋಚನೆ ಮಾಡಿದ. "ಅವರೆಕಾಳು ಸಾರು."

"ಅದು ನಿಂಗಿಷ್ಟ ಕಣೋ."

ಯಾರೋ ಗಿರಾಕಿ ಕೂಗಿದರು, ಹೋದ.

ಮೇ ೨೧

ಅವಳನ್ನೇ ಕೇಳಿದೆ. ಕಿವಿಯ ಹತ್ತಿರ ಬಗ್ಗಿ, "ಚಿಕ್ಕವ್ವ, ಮದುವೆಗೆ ಮುಂಚೆ ನಿನಗೆ ಏನು ಆಸೆ ಇತ್ತು?"

ನಿದ್ದೆ ಹೋದಳು ಅಂದುಕೊಂಡೆ.

"ಯಾರೂ ಕೇಳ್ಲಿಲ್ವಲ್ಲ ಮಗ. ಮರ್ತೋಯ್ತು." ಆಮೇಲೆ, "ನೀನೇ ಮೇಡಮ್ಮು. ಏನಾರ ಕಟ್ಟು. ಚೆಂದಾಗಿ ಕಟ್ಟು."

ಆಮೇಲೆ ಮಾತಾಡಿಲ್ಲ.

ಮೇ ೨೪, ಶನಿವಾರ, ಬೆಳಿಗ್ಗೆ

ಉಸಿರು ಬಂದು, ನಿಂತು, ಮತ್ತೆ ಬರುತ್ತಿದೆ. ರುದ್ರ ಅಯ್ಯನೋರನ್ನು ಕರೆತರಲು ಹೋಗಿದ್ದಾನೆ. ಮನೆಯಲ್ಲಿ ನಾವಿಬ್ಬರೇ. ಈಗ ನೀರು ಎಷ್ಟು ಬೇಕಾದರೂ ಕೊಡಿ ಅಂದಳು ಖುರ್ಷಿದಾ. ಹತ್ತಿಯಲ್ಲಿ ಅದ್ದಿ ತುಟಿಗೆ ಒತ್ತಿದರೆ ಹಾಗೇ ಹೊರಗೆ ಹರಿಯುತ್ತದೆ.

"ಕಿವಿ ಕೊನೇವರ್ಗೂ ಕೇಳ್ತೈತೆ ಮಿಸ್. ಮಾತಾಡ್ಸಿ," ಅಂದು ಹೋದಳು.

ಹೇಳಿಬಿಡಬೇಕು. ಮಂಚದ ಪಕ್ಕದಲ್ಲೇ ಕೂತಿದ್ದೇನೆ. ತಡವರಿಸಬಾರದು, ಅದಕ್ಕೇ ಇಲ್ಲಿ ಬರೆದುಕೊಂಡು ಹೇಳುತ್ತೇನೆ. ಮಗು ಬರಕೂಡದು ಇದರಲ್ಲಿ. ಅಕ್ಕನೂ ಬರಕೂಡದು. ಅವಳದೇ.

ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳು. ಮೀನಾಕ್ಷಿ ಅಂತ ಹೆಸರು. ಹದಿನಾರು ವರ್ಷ. ಅವಳಿಗೆ —