ಬಾವಿ ಮನೆಯ ಕೂಗು

ನವೆಂಬರ್ 4, ಮಂಗಳವಾರ

ಮೂರು ಬ್ಲೌಸಿಗೆ ಹುಕ್ ಹಾಕಿದ್ದಾಯಿತು. ನಾಲ್ಕನೆಯದರ ತೋಳು ತಿರುಗುಮುರುಗಾಗಿ ಬಿಚ್ಚಬೇಕಾಯಿತು. ತಪ್ಪು ನನ್ನದಲ್ಲ, ಮೊಮ್ಮಗಳದು. ಶಾಲೆಯಿಂದ ಬಂದವಳೇ ಮೆಷಿನ್ ಪಕ್ಕ ಕುಣಿದಳು.

"ಅಜ್ಜೀ, ನಂಗೆ ಹೌಸ್ ಸಿಕ್ತು. ಬಾವಿ ಮನೆ!"

ಬಾವಿ ಮನೆ! ನನ್ನ ಮೊಮ್ಮಗಳು!

ಊರಿನ ನಾಲ್ಕು ಹಳೇ ಮನೆಗಳ ಹೆಸರೇ ಶಾಲೆಯ ನಾಲ್ಕು ತಂಡಗಳಿಗೆ. ನನ್ನ ಕಾಲದಿಂದಲೂ ಹಾಗೇ. ಗಡಿಯಾರದ ಮನೆ, ಬಾವಿ ಮನೆ, ಕಂಬದ ಮನೆ, ಕನ್ನಡಿ ಮನೆ. ನಾನು ಗಡಿಯಾರದ ಮನೆ ಕ್ಯಾಪ್ಟನ್. ಮಗನೂ ಅದೇ ಮನೆ. ಬಾವಿ ಮನೆಗೂ ನಮಗೂ ಎಣ್ಣೆ ಸೀಗೆಕಾಯಿ.

"ಹೆಡ್‌ಮಿಸ್ ಹತ್ರ ಮಾತಾಡ್ತೀನಿ ಬಿಡು, ಬದಲಾಯಿಸ್ತಾರೆ."

"ಬೇಡ. ಕೂಗೋಕೆ ನಾನೇ ಲೀಡರ್."

ಒಳಗೆ ಸೊಸೆ ಕಿಸಕ್ಕನೆ ನಕ್ಕಳು.

ನವೆಂಬರ್ 6

ಪ್ರತಿ ಮನೆಗೂ ಒಂದು ಕೂಗು. ಆಯಾ ಮನೆಯ ಸದ್ದನ್ನೇ ಮಕ್ಕಳು ಬಾಯಲ್ಲಿ ಮಾಡಬೇಕು. ಸ್ಪೋರ್ಟ್ಸ್ ಡೇ ದಿನ ಅದಕ್ಕೊಂದು ಕಪ್. ನಮ್ಮದು ಗಡಿಯಾರದ ಬಡಿತ: ನಾಲ್ಕು ಬಡಿದು, ಮರೆತವರ ಹಾಗೆ ನಿಂತು, ಆಮೇಲೆ ಐದನೆಯದು. ಆ ಮನೆ ಗಡಿಯಾರದ ಚಾಳಿಯೇ ಹಾಗಿತ್ತು. ಈಗ ನಿಂತೇ ಹೋಗಿದೆ. ಅವರದು ಬಾವಿಯ ರಾಟೆ.

ಮೊಮ್ಮಗಳು ಕೂಗಿ ತೋರಿಸಿದಳು. ಕೀ ಕೀ ಕೀ... ಇಲಿಯ ಬಾಲ ಬಾಗಿಲಿಗೆ ಸಿಕ್ಕಿದ ಹಾಗೆ! ನಕ್ಕುಬಿಟ್ಟೆ. ಅವಳ ಕಣ್ಣು ತುಂಬಿತು.

"ಸ್ಕೂಲಲ್ಲೂ ಹೀಗೇ ನಗ್ತಾರೆ. ಇಲಿ ಮನೆ ಅಂತಾರೆ. ಕಪ್ ಬರದಿದ್ರೂ ಪರವಾಗಿಲ್ಲ ಅಜ್ಜಿ, ಯಾರೂ ನಗಬಾರದು ಅಷ್ಟೆ."

ಪಾಪ, ರಾಟೆ ಕಂಡಿದ್ದರೆ ತಾನೆ? ಬಾವಿ ಮನೆ ಈಗ ಹಲ್ಲಿನ ಡಾಕ್ಟರ ಕ್ಲಿನಿಕ್. ಬಾವಿಗೆ ಸ್ಲ್ಯಾಬ್ ಹಾಕಿ, ಮೇಲೆ ಸ್ಕೂಟರ್ ನಿಲ್ಲಿಸ್ತಾರೆ.

ನನಗೆ ಗೊತ್ತು ಆ ಸದ್ದು. ಹೇಳಿಕೊಡಲಿಲ್ಲ. ಎದುರಾಳಿಗೆ ಹೇಗೆ... ಛೆ, ಮೊಮ್ಮಗಳು. ಆದರೂ ಹೇಳಿಕೊಡಲಿಲ್ಲ.

ನವೆಂಬರ್ 9, ಭಾನುವಾರ

ಅವಳನ್ನು ಸೈಕಲ್ ಅಂಗಡಿಯವನ ಹತ್ತಿರ ಕರೆದುಕೊಂಡು ಹೋದೆ. ನನ್ನ ಕಾಲದ ಬಾವಿ ಮನೆ ಕ್ಯಾಪ್ಟನ್. ಅವನನ್ನು ನಾನು ರಾಟೆ ಅಂತಿದ್ದೆ, ಅವನು ನನ್ನನ್ನು ಗಂಟೆ. ಇವತ್ತಿಗೂ ಅದೇ. ಗಂಟಲು ಆಪರೇಷನ್ ಆದಮೇಲೆ ಅವನಿಗೆ ದನಿಯಿಲ್ಲ, ಬರೀ ಪಿಸುಮಾತು. ಅವನು ಪಿಸುಮಾತಲ್ಲೇ ವಿವರಿಸಿದರೂ ಸಾಕು, ನಮ್ಮ ಮನೆಗೆ ದ್ರೋಹ ಮಾಡಿದ ಪಾಪ ನನಗೆ ತಪ್ಪುತ್ತದೆ — ಅಂತ ನನ್ನ ಉಪಾಯ.

ಮಗು ಕೇಳಿತು ಅಂತ ಕೂಗಲು ಹೋದ. ಪಂಕ್ಚರ್ ಟ್ಯೂಬಿನಿಂದ ಬಂದಂತೆ ಗಾಳಿ. ಮುಖ ಸಣ್ಣದಾಯಿತು. ಆಮೇಲೆ ಸ್ಪ್ಯಾನರನ್ನು ನನ್ನ ಕಡೆ ತಿರುಗಿಸಿದ.

"ನಿಮ್ಮಜ್ಜೀನ ಕೇಳು ಪುಟ್ಟಿ. ಆ ಕೂಗು ಕೂಗಿ ಕೂಗಿ... ನನ್ನ ಅಣಕಿಸಿದ್ದಾಳೆ. ನನಗಿಂತ ಚೆನ್ನಾಗಿ."

"ಹೌದಾ ಅಜ್ಜಿ?"

"ಲೋ ರಾಟೆ, ದನಿ ಹೋದರೂ ಚಾಡಿ ಹೇಳೋದು ಹೋಗಲಿಲ್ವಲ್ಲೋ ನಿಂಗೆ!"

ನಕ್ಕ. ಆಮೇಲೆ ಇನ್ನೂ ಮೆಲ್ಲಗೆ, "ಬಾವೀನೂ ಮುಚ್ಚಿದ್ರು. ನನ್ನ ಗಂಟಲೂ ಮುಚ್ಚಿತು. ನಿನ್ನ ಹತ್ರ ಮಾತ್ರ ಉಳಿದಿದೆ ಕಣೇ ಗಂಟೆ."



ನವೆಂಬರ್ 10

ಹೇಳಿಕೊಟ್ಟೆ.

ಕೊಡ ಇಳಿಯುವಾಗ ಗಿರಗಿರಗಿರ — ಹಗುರ, ಸೊಕ್ಕಿನ ಸದ್ದು. ದುಡುಮ್! ಆಮೇಲೆ ಸುಮ್ಮನಿರಬೇಕು.

"ಯಾಕೆ ಸುಮ್ಮನೆ?"

"ಕೊಡ ಮಗುಚಿ ನೀರು ತುಂಬಿಕೊಳ್ಳಬೇಡವೇನೇ?"

ಮೇಲೆ ಬರುವಾಗ ಭಾರ. ಕಿರ್ರ್... ಕಿರ್ರ್... ಹೊಟ್ಟೆಯಿಂದ ಎಳೆಯಬೇಕು.

ಕೂಗುತ್ತಾ ಕೂಗುತ್ತಾ ಬಾವಿ ಮನೆ ದೊಡ್ಡಮ್ಮ ಕಣ್ಣ ಮುಂದೆ ಬಂದರು. ಆಟ ಮುಗಿಸಿ ಹೋದರೆ ಬೊಗಸೆಗೆ ನೀರು ಹೊಯ್ಯುತ್ತಿದ್ದರು. ಮೊಣಕೈವರೆಗೆ ತಣ್ಣಗೆ. ಯಾವ ಹೌಸು ಅಂತ ಒಂದು ದಿನವೂ ಕೇಳಲಿಲ್ಲ. ಅವರ ನೀರು ಕುಡಿದು, ಬೀದಿ ದಾಟಿದ ಕೂಡಲೇ ಅವರ ರಾಟೆಯನ್ನೇ ಅಣಕಿಸುತ್ತಿದ್ದೆವು.

ನವೆಂಬರ್ 22, ಶನಿವಾರ, ಸಂಜೆ

ಇಷ್ಟು ದಿನ ಬರೆಯಲು ಪುರುಸೊತ್ತೆಲ್ಲಿ? ಜಗಲಿ ತುಂಬ ಬಾವಿ ಮನೆ ಮಕ್ಕಳು. ಗಿರಾಕಿಗಳು ಚಪ್ಪಲಿ ಬಿಡಲು ಜಾಗವಿಲ್ಲದೆ ವಾಪಸು.

ಇವತ್ತು ಸ್ಪೋರ್ಟ್ಸ್ ಡೇ. ರಾಟೆ ಪಕ್ಕದಲ್ಲೇ ಕೂತಿದ್ದ. ಮೊದಲು ನಮ್ಮ ಗಡಿಯಾರದ ಮನೆ. ಐದೂ ಬಡಿತ ಒಂದೇ ಸಮ, ದಡಬಡ. ಎದೆ ಉರಿಯಿತು.

ಆಮೇಲೆ ಇವರು. "ಇಲಿ ಬಂತು" ಅಂತ ಯಾರೋ ಹಲ್ಲು ಕಿಸಿದರು. ಗಿರಗಿರಗಿರ... ದುಡುಮ್! ನನ್ನ ಚಿನಕುರುಳಿ ಕೈ ಎತ್ತಿ ನಿಲ್ಲಿಸಿದಳು. ಇಡೀ ಮೈದಾನ ನೀರು ತುಂಬುವವರೆಗೂ ಕಾಯಿತು. ಒಬ್ಬರೂ ನಗಲಿಲ್ಲ. ಕಿರ್ರ್ ಶುರುವಾದಾಗ ತಿರುಗಿ ನೋಡಿದೆ. ರಾಟೆಯ ಎರಡೂ ಕೈ ಹಗ್ಗ ಎಳೆಯುತ್ತಿದ್ದವು, ಅವನಿಗೇ ಗೊತ್ತಿಲ್ಲದೆ.

ಕಪ್ ಕನ್ನಡಿ ಮನೆಗೆ ಹೋಯಿತು. ಹೋಗಲಿ. ಬಾವಿ ಮನೆಗೆ ಜೈ ಅಂತ ಮೈದಾನದಲ್ಲಿ ಅರಚಿದ ಮುದುಕಿ ಯಾರು ಅಂತ ಸೊಸೆ ಕೇಳುತ್ತಾಳೆ. ಗೊತ್ತಿಲ್ಲ ಅಂದೆ.

ನವೆಂಬರ್ 23, ಬೆಳಗ್ಗೆ

ದನಿ ಪೂರ್ತಿ ಬಿದ್ದಿದೆ. ರಾಟೆ ನೋಡಲು ಬಂದ. ಇಬ್ಬರದೂ ಪಿಸಪಿಸ. "ಏನತ್ತೆ, ಅಷ್ಟೊಂದು ಗುಟ್ಟು?" ಅಂತ ಸೊಸೆ.

ಬಾಗಿಲಲ್ಲಿ ಗಡಿಯಾರದ ಮನೆ ಮಕ್ಕಳು. ಏಳೆಂಟು ಜನ.

"ಅಜ್ಜಿ, ನಮ್ಮದೂ ಸರಿಯಿಲ್ವಂತೆ. ಹೇಳಿಕೊಡ್ತೀರಾ?"

ಬಾಯಿ ತೆರೆದೆ. ಗಾಳಿ. ನಮ್ಮದೇ ಮಕ್ಕಳು ಬಂದು ನಿಂತಾಗ, ನನಗೇ ಗಂಟಲಿಲ್ಲ! ಮಕ್ಕಳು ಹೋಗಲೊಲ್ಲರು; ನಾನು ಇಲ್ಲೇ ಬರೆಯಲು ಕೂತಿದ್ದೇನೆ, ಕೈಯಾದರೂ ಆಡಲಿ ಅಂತ.

ರಾಟೆ ಎದ್ದ. ಜೇಬಿನಿಂದ ಸ್ಪ್ಯಾನರ್ ತೆಗೆದ. ಇವನೇನು ಕಮ್ಮಿ ಅಣಕಿಸಿದವನೇ ನಮ್ಮ ಗಡಿಯಾರವನ್ನು? ನನ್ನ ಇಸ್ತ್ರಿಪೆಟ್ಟಿಗೆ ಮೇಲೆ ಟಣ್. ಟಣ್. ಟಣ್. ಟಣ್.

ನಿಲ್ಲಿಸಿದ. ಮರೆತವನ ಹಾಗೆ. ಮಕ್ಕಳೆಲ್ಲ ಉಸಿರು ಹಿಡಿದು ಅವನ ಕೈಯನ್ನೇ ನೋಡ್ತಿದ್ದಾರೆ. ಅವನು ಮಾತ್ರ ನನ್ನ ಕಡೆ ನೋಡಿ ಸ್ಪ್ಯಾನರ್ ಚಾಚಿದ್ದಾನೆ, ಐದನೆಯದು ನನಗಂತೆ —