ಭಂಡಾರದ ಚೀಲ

ಮಮದಾಪುರ, ತಾ. ಗೋಕಾಕ
ಮಂಗಳವಾರ, 26 ನವೆಂಬರ್ 2024

ನಾಗರತ್ನಕ್ಕಾ, ಅವ್ವ ಹೋದ ಮ್ಯಾಲ ನನಗ ಅವ್ವನ ಜಾಗಾದಾಗ ಇರೂ ನನ್ನಕ್ಕಾ,

ನಿನ್ನ ದ್ರಾಕ್ಷಾಯಿಣಿಯ ಶರಣು. ನಾವೆಲ್ಲಾ ಇಲ್ಲೆ ಆರಾಮ ಅದೇವಿ ಅಂತ ಬರದು ಮುಂದಿನ ಮಾತಿಗಿ ಹೋಗಬೇಕು, ಪದ್ಧತಿ ಅದು. ಆದ್ರ ಹಂಗ ಬರಿಯಾಕ ಕೈ ಏಳವಲ್ದು. ಈ ಪತ್ರ ಪೂರಾ ಓದಿ ಮುಗಸೂ ಮಟ ನಿಮ್ಮ ಮನಿಯವರಿಗಿ, ದುರ್ಗಪ್ಪ ಮಾಮಾಗ, ತೋರಿಸಬ್ಯಾಡ. ಅವರ ಸಿಟ್ಟು ಗೊತ್ತಲ್ಲ, ಅರ್ಧಾ ಓದಿ ಟೆಂಪೋ ಚಾಲೂ ಮಾಡತಾರ.

ಫೋನ್ ಮಾಡಾಕ ಏನಾಗಿತ್ತು ಅಂತ ಬೈತಿ. ಬೈ. ನನ್ನ ಫೋನು ಈಗ ನಮ್ಮ ಮಾಲಿಂಗಪ್ಪ ಭಾವಗೋಳ ಕಿಸೇದಾಗ ಐತಿ. ದೇವರ ಮನುಷ್ಯಾ ಇರೂ ಮನ್ಯಾಗ ಹೆಣ್ಣಮಕ್ಕಳು ಫೋನ್ ಹಿಡಕೊಂಡು ಹರಟಿ ಹೊಡಿಬಾರದಂತ. ಮೊನ್ನೆ ನೀ ಮಾಡಿದಾಗ ನಾ ಬೆಣ್ಣಿಯಂಗ ಮಾತಾಡಿದೆ, ನಮ್ಮ ಮಾಳು ಪುಣ್ಯವಂತ, ಮುತ್ಯಾನ ಜಾಗಾಕ್ಕ ಬೀರಪ್ಪ ಅವನ್ನ ಆರಿಸ್ಯಾನ ಅಂತ. ಬಾಜೂಕ ನಮ್ಮತ್ತಿ ಯಲ್ಲಕ್ಕ ಕುಂತಿದ್ಲು. ಅದ್ರಾಗ ಒಂದ ಮಾತೂ ಖರೆ ಅಲ್ಲಕ್ಕಾ.

ನನ್ನ ಮಗ ಗುಳಿಗಿ ನುಂಗತಾನ. ನಶೇದ ಗುಳಿಗಿ. ಬರದಬಿಟ್ಟೆ ನೋಡು, ಇಷ್ಟ ಬರಿಯಾಕ ನಾಕ ಹಾಳಿ ಹರದು ಒಲಿಗಿ ಹಾಕೇನಿ.

ಹತ್ತನೇತ್ತ ಪಾಸಾಗಿ ಗೋಕಾಕದ ಕಾಲೇಜಿಗಿ ಹೋಗಾಕ ಹತ್ತಿದ ಮ್ಯಾಲ ಹುಡುಗ ಬ್ಯಾರೇನ ಆದ. ಕಡೀ ಬಸ್ಸಿಗಿ ಬರತಿದ್ದ, ಉಣ್ಣಾಕ ಕರದ್ರ ಮಾರಿ ತಿರುವತಿದ್ದ, ಒಮ್ಮೊಮ್ಮೆ ಗ್ವಾಡಿ ನೋಡಕೊಂತ ತನ್ನಷ್ಟಕ್ಕ ನಗತಿದ್ದ. ವಯಸ್ಸಿಗಿ ಬಂದ ಹುಡುಗ, ಹಂಗಿರತಾವ ಅಂತ ನಾ ಸುಮ್ಮನಾದೆ. ಸಣ್ಣಾಂವಿದ್ದಾಗ ಸಂಜಿಮುಂದ ಕುರಿಮರಿ ತಾಯಿಗಿ ಕೂಡಿಸಾಕ ಅವನ್ನ ಬಿಟ್ರ ಬ್ಯಾರೆ ಯಾರೂ ಬ್ಯಾಡಾಗಿತ್ತು. ಯಾವ ಮರೀದು ಯಾವ ತಾಯಿ ಅಂತ ಬರೇ ಒದರೂ ದನಿ ಮ್ಯಾಲ ಹೇಳತಿದ್ದ. ಅದೇ ಹುಡುಗ ಹ್ವಾದ ದಸರಾದಾಗ ಒಂದು ಹಸೀ ಮರೀ ಮ್ಯಾಲ ಕಾಲಿಟ್ಟು ನಿಂತಿದ್ದ. ಅದು ಒದರಾಕ ಹತ್ತಿದ್ರೂ ಅವಂಗ ಖಬರ ಇರಲಿಲ್ಲ. ನಾ ಓಡಿ ಹೋಗಿ ದೂಕಿದೆ. ಮರಿ ಉಳೀಲಿಲ್ಲ.

ನನ್ನ ಹುಚ್ಚತನ ಕೇಳು. ನಮ್ಮ ಮನಿ ನಿನಗ ಗೊತ್ತಲ್ಲ, ಪಡಸಾಲಿ ಗ್ವಾಡೀ ಮಾಡದಾಗ ಕುರಿ ಜಂತಿನ ಗುಳಿಗಿ, ಸೂಜಿ, ಬಾಟ್ಲಿ ಯಾವಾಗಲೂ ಬಿದ್ದಿರತಾವ. ಮಾಳುನ ಪ್ಯಾಂಟ್ ಒಗಿಯಾಗ ಕಿಸೇದಾಗ ಗುಳಿಗಿ ಹಾಳಿ ಸಿಕ್ಕಿತು. ಅಪ್ಪಗ ಕುರಿ ಔಷಧ ತಂದಾನ ನನ್ನ ಬಂಗಾರ, ಕೊಡೂದು ಮರತಾನ ಅಂತ ತಿಳಕೊಂಡೆ. ಚೊಕ್ಕ ಒರಸಿ ನಾನ ಆ ಮಾಡದಾಗ ಇಟ್ಟೆ. ಆಮ್ಯಾಲೂ ಸಿಗಾಕ ಹತ್ತಿದ್ವು, ಆಮ್ಯಾಲೂ ಇಟ್ಟೆ. ಆಂವ ಅಲ್ಲಿಂದನ ತಗೊಂಡು ನುಂಗತಿದ್ದ, ಎಲ್ಲಾರ ಕಣ್ಣಮುಂದ. ಕುರಿ ಸಾಕಿದವರ ಮನ್ಯಾಗ ಗುಳಿಗಿ ಯಾರ ಎಣಸತಾರ ಹೇಳು.

ದೀವಳಿಗಿಗಿ ಕಾಲೇಜು ಸೂಟಿ ಬಿಟ್ರು. ಗೋಕಾಕಕ್ಕ ಹೋಗೂದು ನಿಂತಿತು, ಮಾಡದಾಗಿನ ಆ ಗುಳಿಗಿ ತೀರಿದ್ವು. ಹುಡುಗ ಆಕಳಸಾಕ ಹತ್ತಿದ, ಮೂಗ ಸೋರಾಕ ಹತ್ತಿತು, ಥಂಡ್ಯಾಗ ಬೆವತು ನೀರಾಗತಿದ್ದ. ಜ್ವರ ಅಂತ ಕಷಾಯ ಕುಡಿಸಿದೆ. ಅಮಾಸಿ ಸಂಜಿಗಿ ಬೀರಪ್ಪನ ಗುಡ್ಯಾಗ ಪೂಜಾ, ಡೊಳ್ಳಿಗಿ ಕೋಲು ಬಿತ್ತು, ನನ್ನ ಮಗ ಅಡಿಯಿಂದ ಮುಡಿ ಮಟ ಥರಥರ ನಡಗಿ ನೆಲಕ್ಕ ಬಿದ್ದ. ಹಲ್ಲ ಕಚ್ಚಿದ್ದ, ಕಣ್ಣ ಮ್ಯಾಲ ಹೋಗಿದ್ವು. ನಾ ಓಡಿ ಹೋಗೂದ್ರಾಗ ಅತ್ತಿ ಚಿಟ್ಟನ ಚೀರಿದ್ಲು, ನನ್ನ ಗಂಡನ ಮೈಮ್ಯಾಲ ಬರೂ ದೇವರು ಮೊಮ್ಮಗನ ಮೈಮ್ಯಾಲ ಬಂದಾನ ಅಂತ. ಭಾವಗೋಳು ಅವನ ತಲಿ ಮ್ಯಾಲ ಭಂಡಾರ ಸುರುವಿದ್ರು. ಅರಿಷಿಣದ ಪುಡಿ ಮೂಗಿನ್ಯಾಗ ಹೋಗಿ ಹುಡುಗ ನೀರು, ನೀರು ಅಂದ. ಹಿಡಕಲ್ ಡ್ಯಾಮಿನಿಂದ ಕಾಲುವಿಗಿ ನೀರು ಬರತೈತಿ ಅಂತ ಹೇಳಿಕಿ ಆತು ಅಂದ್ರು ಮಂದಿ. ನನ್ನ ದೈವ ನೋಡು, ಆ ವಾರದಾಗ ಖರೇನ ನೀರು ಬಿಟ್ರು. ನನ್ನ ಮಗಂಗ ಕುಡಿಯಾಕ ಒಂದ ಗುಟುಕು ಯಾರೂ ಕೊಡಲಿಲ್ಲ.

ಮಾವಗೋಳು ಹೋದ ಮ್ಯಾಲ ಆ ದೇವರು ಯಾರ ಮೈಮ್ಯಾಲೂ ಬಂದಿರಲಿಲ್ಲ. ಹೇಳಿಕಿ ಕೇಳಾಕ ನಮ್ಮೂರ ಮಂದಿನೂ ಬ್ಯಾರೆ ಊರಿಗಿ ಹೋಗತಿದ್ರು, ಭಾವಗೋಳು ಖಾಲಿ ಗುಡ್ಯಾಗ ನೊಣ ಹೊಡಕೊಂತ ಕುಂದರತಿದ್ರು. ಈಗ ಐತವಾರಕ್ಕೊಮ್ಮೆ ಮೂಡಲಗಿಂದ, ನಿಮ್ಮ ಹುಕ್ಕೇರಿ ಕಡಿಂದ ಗಾಡಿ ಮಾಡಕೊಂಡು ಮಂದಿ ಬರತಾರ. ಹುಡುಗನ ಕಾಲೇಜು ಬಿಡಿಸ್ಯಾರ.

ನನಗ ಮಾತ್ರ ಸಂಶೆ ಬಂತು, ಮಾಡದಾಗ ಬಿದ್ದಿದ್ದ ಖಾಲಿ ಗುಳಿಗಿ ಹಾಳಿ ಒಯ್ದು ನಮ್ಮೂರ ಆಶಾ ಕಾರ್ಯಕರ್ತೆ ಆಮ್ರಪಾಲಿಗಿ ತೋರಿಸಿದೆ. ಅಕಿ ಓದಿ ಮಾರಿ ಸಣ್ಣದ ಮಾಡಿದ್ಲು. ಇದು ಕುರೀದಲ್ಲ, ಆಪರೇಶನ್ ಆದವರಿಗಿ ಬ್ಯಾನಿಗಿ ಕೊಡೂದು, ಹುಡುಗೋರು ನಶೇಕ್ಕ ನುಂಗತಾರ, ಸಿಗದಿದ್ರ ಹಿಂಗ ನಡಗತಾರ ಅಂದ್ಲು. ಒಮ್ಮೆಲೆ ಬಿಡಿಸಿದ್ರ ಫಿಟ್ಸ್ ಬಂದು ಜೀವಕ್ಕ ಮುಳುವಾಗತೈತಿ, ಬೆಳಗಾವಿಗಿ ಒಯ್ದು ಡಾಕ್ಟರ ಕೈಯಾಗ ಕೊಡ ಅಂದ್ಲು.

ಮೂಡಲಗಿಗಿ ಹೋಗಿ ಬಂದೆ. ನಮ್ಮ ಮನಿಯವರು ಅಲ್ಲೆ ಕಬ್ಬು ಕಡಿದ ಹೊಲದಾಗ ಕುರಿ ತರುಬ್ಯಾರ. ಎಲ್ಲಾ ಹೇಳಿದೆ. ಕಂಬಳಿ ತಲಿ ಮ್ಯಾಲ ಎಳಕೊಂಡು ಗಂಡಸಮನುಷ್ಯಾ ಸಣ್ಣ ಹುಡುಗನಂಗ ಅತ್ರು. ನಮ್ಮಪ್ಪ ನನ್ನ ಮಗನ ಬಾಯಾಗ ಮಾತಾಡ್ಯಾನ, ಅದಕ್ಕ ಗುಳಿಗಿ ಅನಬ್ಯಾಡ ಅಂದ್ರು. ನನಗ ಸಿಟ್ಟು ನೆತ್ತಿಗೇರಿತ್ತು, ಆದ್ರ ಅವರ ಮಾರಿ ನೋಡಿ ಬುತ್ತಿ ಇಟ್ಟು ಹೊಳ್ಳಿ ಬಂದೆ. ಶನಿವಾರ ದೇವರಿಗಿ ಒಂದು ಟಗರು ಹೊಡಕೊಂಡು ಬರತಾರಂತ.

ಮಾಳುಗ ಕೇಳಿದೆ, ಇಬ್ಬರ ಇದ್ದಾಗ. ದೇವರೂ ಇಲ್ಲ ಏನೂ ಇಲ್ಲವ್ವಾ, ಕಾಲಿಗಿ ಬೀಳೂ ಮಂದಿ ಬೈಯೂದಿಲ್ಲ, ಹೊಡಿಯೂದಿಲ್ಲ, ಅದಕ್ಕ ಸುಮ್ಮನ ಅದೇನಿ ಅಂದ. ಆಮ್ಯಾಲ ನನ್ನ ಸೆರಗ ಹಿಡಕೊಂಡು ನನಗ ಅಲಗಿನ ಅಂಜಿಕಿ ಅಂದ. ನಿನಗ ನೆನಪೈತಿಲ್ಲೋ, ಮಾವಗೋಳು ಆ ಕತ್ತಿ ಮೊನಿ ಹೊಟ್ಟಿಗಿ ಒತ್ತಿಕೊಂಡು ಹೇಳಿಕಿ ಹೇಳತಿದ್ರು. ಬರೂ ಐತವಾರ ಛಟ್ಟಿ ಅಮಾಸಿ. ಅವತ್ತ ಅದೇ ಅಲಗು ನನ್ನ ಮಗನ ಕೈಯಾಗ ಕೊಡತಾರ. ಮಾವಗೋಳ ಕೈ ಕಲ್ಲಿನಂಗ ನಿಲ್ಲತಿತ್ತಕ್ಕಾ. ಇವನ ಕೈಯಾಗ ಚಾದ ಬಶಿ ನಿಲ್ಲೂದಿಲ್ಲ.

ಒಂದು ಮಾತು ನನಗ ಬಗೀ ಹರೀವಲ್ದು. ದೀವಳಿಗಿಯಿಂದ ಆಂವ ಊರು ದಾಟಿಲ್ಲ. ಮಾಡಾ ನಾ ಖಾಲಿ ಮಾಡೇನಿ. ಆದ್ರೂ ಸೋಮವಾರ ಮಂಗಳವಾರ ನಕ್ಕೊಂತ ಆರಾಮ ಇರತಿದ್ದ, ಶುಕ್ರವಾರ ಬಂತಂದ್ರ ಆಕಳಸಾಕ ಹತ್ತತಿದ್ದ, ಐತವಾರ ಮಂದಿ ಮುಂದ ನಡಗತಿದ್ದ. ಗುಳಿಗಿ ಎಲ್ಲಿಂದ ಬರತಾವ? ಅವನ ಗೆಳೆಯಾ ಲಖನನ್ನ ಗೋಕಾಕ ಬಸ್ ಸ್ಟ್ಯಾಂಡಿನ್ಯಾಗ ಕಾಲರ್ ಹಿಡದು ಝಾಡಿಸಿದೆ. ಕಾಲೇಜಿನ್ಯಾಗ ಕೊಟ್ಟಾಂವ ನಾನ ಖರೆ, ದೀವಳಿಗಿ ಆದ ಮ್ಯಾಲ ನಿಮ್ಮೂರಿಗಿ ಕಾಲಿಟ್ಟಿಲ್ಲ ಕಾಕು ಅಂತ ತಾಯಿ ಆಣಿ ಮಾಡಿದ. ಸುಳ್ಳ ಬೊಗಳತಾನ ಅಂತನ ನನ್ನ ಲೆಕ್ಕ.

ನಿನ್ನೆ ಭಾವಗೋಳು ಮಾಳುನ್ನ ಗುಡಿ ಬಾಜೂ ಖೋಲ್ಯಾಗ ಹಾಕಿ ಕೀಲಿ ಜಡದಾರ. ಅಮಾಸಿ ಮಟ ಮಡಿ, ಬರೇ ಹಾಲು, ಯಾರೂ ಮಾತಾಡಸಾಂಗಿಲ್ಲ. ಈ ಸಲ ದೇವರು ಭಾಳ ಜೋರ್ ಬರತಾನ ನೋಡಾಕಿ ಅಂದ್ರು ನನಗ. ಒಮ್ಮೆಲೆ ಬಿಡಿಸಿದ್ರ ಫಿಟ್ಸ್ ಅಂತ ಆಮ್ರಪಾಲಿ ಹೇಳಿದ್ದು ಕಿವ್ಯಾಗ ಗುಂಯ್ ಅನ್ನಾಕತ್ತೈತಿ.

ಅದಕ್ಕ ನೀ ಹಿಂಗ ಮಾಡು. ಹೊಸಾ ಟೆಂಪೋಕ್ಕ ದೇವರ ಕೈಲೆ ಭಂಡಾರ ಹಚ್ಚಸೂ ಹರಕಿ ಐತಿ ಅನ್ನು, ಶುಕ್ರವಾರ ನೀನೂ ಮಾಮಾನೂ ಬಂದು ಕಾಲಿಗಿ ಬಿದ್ದು ಅವನ್ನ ಹುಕ್ಕೇರಿಗಿ, ನಿಮ್ಮ ಮನಿಗಿ ಕರೀರಿ. ಮನಿ ಬಾಗಲಿಗಿ ಬಂದು ಕರದವರಿಗಿ ದೇವರು ಒಲ್ಲೆ ಅನ್ನಾಂಗಿಲ್ಲ, ನಮ್ಮ ಮಂದ್ಯಾಗ ಅದು ರೀತಿ. ಭಾವಗೋಳು ಏನರ ಅಂದ್ರ ಇದೇ ಮಾತು ಮಾರಿಗಿ ಹಿಡಿ. ಮಾಳು ಟೆಂಪೋದಾಗ ಕುಂತ ಅಂದ್ರ ಹುಕ್ಕೇರ್ಯಾಗ ನಿಲ್ಲಬ್ಯಾಡ್ರಿ, ಸೀದಾ ಬೆಳಗಾವಿ. ನಾ ಉಟ್ಟ ಸೀರಿ ಮ್ಯಾಲ ಹಿಂದ ಬರತೇನಿ. ಆಮ್ಯಾಲ ಈ ಮನಿ ನನಗ ಬಾಗಲಾ ತೆರಿತೈತೋ ಇಲ್ಲೋ, ತೆರೀದಿದ್ರ ಬಿಡಲಿ.

ಬೀರಪ್ಪ ನನ್ನ ಮ್ಯಾಲ ಸಿಟ್ಟಾದ್ರ ಆಗಲಿ ಅಕ್ಕಾ. ಆಂವನೂ ಕುರಿ ಕಾದಾಂವ, ಮರಿ ಕಳಕೊಂಡವರ ಸಂಕಟ ಅವಂಗ ತಿಳೀತೈತಿ.

ನಿನ್ನ ಹಾದಿ ಕಾಯೂ,
ದ್ರಾಕ್ಷಾಯಿಣಿ

ತಾ. ಕ. : ಬುಧವಾರ ಮುಂಜಾನಿ. ಆಮ್ರಪಾಲಿ ಇವತ್ತ ಹುಕ್ಕೇರಿಗಿ ತನ್ನ ತವರಿಗಿ ಹೊಂಟಾಳ, ಪತ್ರ ಒಯ್ಯಾಕ ಬಾಗಲದಾಗ ನಿಂತಾಳ. ಏನ ಸಿಟ್ಟಿದ್ರೂ ದೇವರ ಭಂಡಾರ ಒಂದ ಚಿಟಿಕಿ ಪತ್ರದಾಗ ಇಟ್ಟು ಕಳಸೂಣು ಅಂತ ಗುಡಿಗಿ ಹೋಗಿದ್ದೆ. ಮಾಲಿಂಗಪ್ಪ ಜಳಕಾಕ್ಕ ಹೋಗಿದ್ದ, ಭಂಡಾರದ ಚೀಲ ಗೂಟಕ್ಕಿತ್ತು. ಕೈ ಹಾಕಿದೆ. ಅರಿಷಿಣದ ಬುಡಕ್ಕ ಗುಳಿಗಿ ಹಾಳಿ ಅದಾವಕ್ಕಾ, ಅವೇ ಗುಳಿಗಿ, ಒಂದು ಕಟ್ಟು. ಸೋಮವಾರ ಕೊಡಾಂವ ಅವನ, ಮಂದಿ ಮುಂದ ನಡಗಲಿ ಅಂತ ಶುಕ್ರವಾರ ನಿಂದ್ರಸಾಂವ ಅವನ. ಈ ಸಲ ಸೋಮವಾರದಿಂದನ ನಿಂದ್ರಸ್ಯಾನ. ಆ ಲಖನಗ ಸುಮ್ಮನ ಬೈದೆ. ಈ ಪತ್ರಕ್ಕ ಹತ್ತಿದ ಹಳದಿ ನನ್ನ ಬೆರಳಿಂದು.

ಖೋಲಿ ಕಿಡಕ್ಯಾಗಿಂದ ಮಾಳು ಕೈ ಹೊರಗ ಚಾಚಿದ್ದ, ಬೆರಳು ಕುಣಿತಿದ್ವು. ನೋಡಾಕ ಆಗಲಿಲ್ಲ. ಒಂದ ಗುಳಿಗಿ ಬಿಡಿಸಿ ಆ ಕೈಯಾಗ ನಾನ ಇಟ್ಟೆ. ಹೆತ್ತಾಕಿ ಇಟ್ಟೆ. ಆಂವ ಅದನ್ನ ನುಂಗಿ, ಎರಡೂ ಕೈ ಜೋಡಿಸಿ ನನಗ ನಮಸ್ಕಾರ ಮಾಡಿದ, ಗುಡಿಗಿ ಬಂದ ಮಂದಿ ಅವಂಗ ಮಾಡಿದಂಗ.

ಹರಕಿ ಗಿರಕಿ ಏನೂ ಹೇಳಬ್ಯಾಡ. ಶುಕ್ರವಾರ ಮಟ ಕಾಯಬ್ಯಾಡ. ಈ ಪತ್ರ ಈಗ ಮಾಮಾಗ ಕೊಡು.