ಮಾತಾಡುತ್ತಿದ್ದ ರೋಗಿಯ ಎದೆ ಒತ್ತಿದ ಬಗ್ಗೆ

ಪ್ಲಾಸ್ಟಿಕ್ ದೇಹಗಳಿಗೆ ಪ್ರಾಣ ತುಂಬುವ, ಬೇಡವಾದಾಗ ಗುಂಡಿಯೊತ್ತಿ ತೆಗೆಯುವ, ವಿನ್ನಿಪೆಗ್‌ನ ನಮ್ಮ ನರ್ಸಿಂಗ್ ಕಾಲೇಜಿನ ಅಣಕು ವಾರ್ಡಿನ ಏಕಚ್ಛತ್ರಾಧಿಪತಿಗಳಾದ ಮಾನ್ಯ ನಿರ್ದೇಶಕರ ದಿವ್ಯ ಸನ್ನಿಧಾನಕ್ಕೆ,

ತಮ್ಮ ಗೊಂಬೆ ಸೌಖ್ಯ. ನನ್ನ ಸಹಪಾಠಿ ಮರಿಬೆಲ್ ಮಾತ್ರ ಕಾಲೇಜು ಬಿಡಲು ಹೊರಟಿದ್ದಾಳೆ. ಕಾರಣ, ತಾವು ನೇಮಿಸಿದ ಬೋಧಕರು.

ಅವರು ಗಾಜಿನ ಹಿಂದೆ ಕೂತು, ರೋಗಿಯೆಂದು ಮಲಗಿಸಿದ ಗೊಂಬೆಗೆ ಮೈಕಿನಲ್ಲಿ ದನಿಯಾಗುತ್ತಾರೆ. ಮೈಕು ಆಫ್ ಮಾಡುವ ಅಭ್ಯಾಸ ಅವರಿಗಿಲ್ಲ. ಹಿಂದಿನ ವಾರ ಉಸಿರಿಗೆ ಒದ್ದಾಡುತ್ತಿದ್ದ ನಮ್ಮ ರೋಗಿ ನಡುವೆ ಒಂದು ಟರ್ಕಿ ಸ್ಯಾಂಡ್‌ವಿಚ್ ಆರ್ಡರ್ ಮಾಡಿದ; ಈರುಳ್ಳಿ ಬೇಡವೆಂದೂ ಹೇಳಿದ. ಹಾಗಾಗಿ ಗೊಂಬೆಯ ಮಾತನ್ನು ಕಿವಿಗೆ ಹಾಕಿಕೊಳ್ಳದಿರುವುದನ್ನು ನಾವು ಶ್ರದ್ಧೆಯಿಂದ ಕಲಿತೆವು. ಈ ವಾರ ಬೋಧಕರು ಗೊಂಬೆಯ ನಾಡಿ ಮಿಡಿಸುವ ಗುಂಡಿ ಒತ್ತುವುದನ್ನೂ ಮರೆತರು. ಮರಿಬೆಲ್ ಗೊಂಬೆಯ ಕೊರಳು ಮುಟ್ಟಿ ನೋಡಿದಳು, ಬಡಿತವಿಲ್ಲ. ಎದೆ ಒತ್ತತೊಡಗಿದಳು. ಗೊಂಬೆ ಮಾತ್ರ "ನನ್ನ ಹೆಂಡ್ತಿಗೊಂದು ಫೋನ್ ಮಾಡಮ್ಮ" ಎನ್ನುತ್ತಲೇ ಇತ್ತು.

ಆಮೇಲಿನ ವಿಮರ್ಶೆಯಲ್ಲಿ ಬೋಧಕರು ಎಲ್ಲರೆದುರು ಆ ವಿಡಿಯೊ ಹಾಕಿದರು, ನಿಲ್ಲಿಸಿದರು, ಮತ್ತೆ ಹಾಕಿದರು. "ಹೆಂಡ್ತಿಗೆ ಫೋನ್ ಮಾಡು ಅನ್ನೋ ಹೆಣಾನ ಎಲ್ಲಾದ್ರೂ ನೋಡಿದ್ಯೇನಮ್ಮ? ನಿನ್ನ ಕೈಗೆ ಸಿಕ್ರೆ ಬದುಕಿರೋರೂ ಉಳಿಯಲ್ಲ." ಕ್ಲಾಸು ನಕ್ಕಿತು. ಯಾಕೆ ಹಾಗೆ ಮಾಡಿದೆ ಎಂದು ಒಮ್ಮೆ ಕೇಳಿದ್ದರೆ ಪಾಠ ಅವರಿಗೇ ಆಗುತ್ತಿತ್ತು. ಈಗ ಆಸ್ಪತ್ರೆಯ ನಿಜವಾದ ರೋಗಿಗಳ ನಾಡಿ ಹಿಡಿಯಲೂ ಮರಿಬೆಲ್ ಬೇರೆಯವರನ್ನು ಕರೆಯುತ್ತಾಳೆ.

ವರ್ಷಗಟ್ಟಲೆ ರೋಗಿಗಳನ್ನು ನೋಡಿದವರಿಗೆ ಕಲಿಸುವುದು ತಾನಾಗಿಯೇ ಬರುತ್ತದೆಂದು ತಮಗೆ ಯಾರು ಹೇಳಿದರು? ಯಾವ ಗುಂಡಿ ಎಲ್ಲಿದೆಯೆಂದು ತೋರಿಸಿ, ಅದಕ್ಕೆ ತರಬೇತಿ ಎಂಬ ಘನವಾದ ಹೆಸರಿಟ್ಟಿರಿ. ಗೊಂಬೆಯ ಮೊಣಕಾಲು ಸಡಿಲವಾದರೆ ರಿಪೇರಿಗೆ ಜನ ಓಡಿಬರುತ್ತಾರೆ. ಬೋಧಕರ ನಾಲಿಗೆ ಸಡಿಲವಾದರೆ ಯಾರನ್ನು ಕರೆಯಬೇಕು? ತಪ್ಪಿದವರ ಮಾತನ್ನು ಮೊದಲು ಕೇಳಿ ಆಮೇಲೆ ಬಾಯಿ ತೆರೆಯುವುದೂ ಒಂದು ವಿದ್ಯೆಯೇ, ಸ್ವಾಮಿ. ಅದನ್ನು ಕಲಿಸುವ ತನಕ ಅವರನ್ನು ಗಾಜಿನ ಹಿಂದೆ ಕೂರಿಸಬೇಡಿ. ಮರಿಬೆಲ್ ಶುಕ್ರವಾರ ಹೆಸರು ತೆಗೆಸುತ್ತಾಳೆ. ಅದಕ್ಕೆ ಮೊದಲು ಅದೇ ಕ್ಲಾಸಿನಲ್ಲಿ, ಅದೇ ವಿಡಿಯೊದ ಮುಂದೆ ನಿಂತು ಬೋಧಕರು ತಮ್ಮ ತಪ್ಪು ಒಪ್ಪಿಕೊಳ್ಳಲಿ.

ಇಷ್ಟು ಬರೆದು ಮರಿಬೆಲ್‌ಗೆ ಓದಿ ಹೇಳಿದೆ. "ಚೆನ್ನಾಗಿ ಉಗಿದಿದ್ದೀಯ ಕಣೋ. ಅವ್ರು ಯಾಕೆ ಹಾಗೆ ಮಾಡಿದ್ರು ಅಂತ ನೀನಾದ್ರೂ ಒಂದ್ಸಲ ಕೇಳಿದ್ಯಾ?" ಎಂದಳು.

ಕೇಳಿಲ್ಲ.

ಇಂತಿ,
ಸದರಿ ಬೋಧಕರ ಅತ್ಯಂತ ಯಶಸ್ವಿ ಶಿಷ್ಯ,
ಡೆಸ್ಮಂಡ್